ಪಂಡಿತರ ಜಗಳದಲ್ಲಿ ಕೂಸು ಬಡವಾಗದಿರಲಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮಲ್ಲಿ ಹಳೆಯದು. ಇಂದು ಅದನ್ನು ತುಸು ತಿದ್ದಿ ಹೇಳಬೇಕಾದ ಸಂದರ್ಭ ಒದಗಿದೆ. ಆಟಿಸಂ ಅಥವಾ ಸ್ವಲೀನತೆಯುಳ್ಳ ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಪ್ರಶ್ನೆ ಎದ್ದಾಗ ವೈದ್ಯರು ಒಂದು ಹೇಳುತ್ತಾರೆ, ವಿಶೇಷ ಶಿಕ್ಷಕರು ಇನ್ನೊಂದು, ಮುಖ್ಯೋಪಾಧ್ಯಾಯರು ಮತ್ತೊಂದು. ಎಲ್ಲರೂ ಕಲಿತವರೇ, ಎಲ್ಲರೂ ಮಗುವಿನ ಹಿತೈಷಿಗಳೇ. ಆದರೆ ಅವರ ಮಾತು ಒಂದಾಗುವ ಹೊತ್ತಿಗೆ ಮಗುವಿನ ಒಂದು ಶಾಲಾವರ್ಷವೇ ಕಳೆದುಹೋಗುವುದುಂಟು.

2025ರ ಜುಲೈ ತಿಂಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆಟಿಸಂ ಇರುವ ಬಾಲಕಿಯೊಬ್ಬಳನ್ನು ಖಾಸಗಿ ಶಾಲೆಯೊಂದು ಪುನಃ ಸೇರಿಸಿಕೊಳ್ಳಬೇಕೆಂದೂ, ಪೋಷಕರು ನೇಮಿಸುವ ಸಹಾಯಕ ಶಿಕ್ಷಕರು ತರಗತಿಯಲ್ಲಿ ಅವಳ ಜೊತೆಗಿರಲು ಅವಕಾಶವೀಯಬೇಕೆಂದೂ ಆದೇಶಿಸಿತು. ತೀರ್ಪು ಸ್ವಾಗತಾರ್ಹ. ಆದರೆ ದೆಹಲಿಯ ತಂದೆ ತಾಯಿ ನ್ಯಾಯಾಲಯದ ಬಾಗಿಲು ತಟ್ಟಬಲ್ಲರು. ಕಳಸದ ತೋಟದ ಲೈನ್ ಮನೆಯಲ್ಲಿ ವಾಸಿಸುವ ಕಾರ್ಮಿಕ ದಂಪತಿಗಳಿಗೆ ಅದು ಸಾಧ್ಯವೇ? ಮೂಡಿಗೆರೆಗೆ ಹೋಗಿ ಬರುವುದೆಂದರೇ ಅವರಿಗೆ ಒಂದು ದಿನದ ಕೂಲಿ ನಷ್ಟ. ಆದುದರಿಂದ ನಮ್ಮ ಮಲೆನಾಡಿನಲ್ಲಿ ಈ ವಿವಾದ ಬಗೆಹರಿಯಬೇಕಾದುದು ಕೋರ್ಟಿನಲ್ಲಲ್ಲ, ಶಾಲೆಯ ಕೊಠಡಿಯಲ್ಲಿ.

ಕಾನೂನು ಏನನ್ನುತ್ತದೆ ಎಂಬುದನ್ನು ಮೊದಲು ತಿಳಿಯೋಣ. 1995ರ ಅಂಗವಿಕಲರ ಕಾಯಿದೆ ಪಟ್ಟಿಮಾಡಿದ್ದ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಈ ಕಾಯಿದೆಯ 31ನೆಯ ವಿಧಿಯ ಪ್ರಕಾರ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ, 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ, ಆಯ್ಕೆ ಮಗುವಿನದು. ವೈದ್ಯರದೂ ಅಲ್ಲ, ಮುಖ್ಯೋಪಾಧ್ಯಾಯರದೂ ಅಲ್ಲ. ತಜ್ಞರು ಆ ಆಯ್ಕೆಗೆ ಬೆಳಕು ನೀಡಬೇಕಾದವರೇ ಹೊರತು ಆಯ್ಕೆಯನ್ನು ಕಸಿದುಕೊಳ್ಳಬೇಕಾದವರಲ್ಲ.

ಹಾಗಾದರೆ ತಜ್ಞರಲ್ಲಿ ಭಿನ್ನಾಭಿಪ್ರಾಯವೇಕೆ? ಪ್ರತಿಯೊಬ್ಬರೂ ಸತ್ಯದ ಒಂದು ಭಾಗವನ್ನು ಕಂಡಿರುತ್ತಾರೆ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿಯೇ ಸಿದ್ಧವಾದ ಮಾಪನದಲ್ಲಿ 40 ಅಂಶಗಳಿವೆ. ಅದರಿಂದ ದೊರೆಯುವ ಶೇಕಡಾವಾರು ಅಂಕಿ ಪ್ರಮಾಣಪತ್ರಕ್ಕೂ ಸೌಲಭ್ಯಕ್ಕೂ ಅವಶ್ಯಕ. ಆದರೆ ಮಗು ಯಾವ ಶಾಲೆಯಲ್ಲಿ ಕಲಿಯಬೇಕೆಂಬುದನ್ನು ಆ ಅಂಕಿ ಹೇಳಲಾರದು. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಸದ್ದು ಸಹಿಸಲಾರದೆ ಮಗು ಕಿವಿ ಮುಚ್ಚಿಕೊಳ್ಳುವುದನ್ನು ತರಗತಿಯ ಶಿಕ್ಷಕಿ ಮಾತ್ರ ಬಲ್ಲಳು. ಕೊಯ್ಲಿನ ಕಾಲದಲ್ಲಿ ಮನೆಯ ದಿನಚರಿ ಬದಲಾದೊಡನೆ ಮಗು ಕಂಗೆಡುವುದನ್ನು ತಾಯಿ ಬಲ್ಲಳು. ಹಲವು ತರಗತಿಗಳನ್ನು ಒಬ್ಬರೇ ನಡೆಸುವ ಶಾಲೆಯಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಮುಖ್ಯೋಪಾಧ್ಯಾಯರು ಬಲ್ಲರು. ಇವರಲ್ಲಿ ಒಬ್ಬರ ಅರಿವು ಇನ್ನೊಬ್ಬರದನ್ನು ಸುಳ್ಳಾಗಿಸುವುದಿಲ್ಲ.

ವೈದ್ಯನು ರೋಗಿಯನ್ನು ಗುಣಪಡಿಸಬೇಕೇ ಬೇಡವೇ ಎಂದು ಸಮಾಲೋಚಿಸುವುದಿಲ್ಲ, ಹೇಗೆ ಗುಣಪಡಿಸಬೇಕೆಂದು ಮಾತ್ರ ಸಮಾಲೋಚಿಸುತ್ತಾನೆ ಎಂಬ ಅರ್ಥದ ಮಾತನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಹೇಳಿದ್ದಾನೆ. ಗುರಿ ಸ್ಥಿರವಾಗಿದ್ದರೆ ಮಾತ್ರ ಮಾರ್ಗದ ಚರ್ಚೆಗೆ ಅರ್ಥ. ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. 'ಸಾಮಾನ್ಯ ಶಾಲೆಯೋ, ವಿಶೇಷ ಶಾಲೆಯೋ' ಎಂಬ ಮಾರ್ಗದ ಪ್ರಶ್ನೆಯಿಂದಲೇ ಚರ್ಚೆ ಆರಂಭವಾಗುತ್ತದೆ. ಬರುವ ಒಂದು ವರ್ಷದಲ್ಲಿ ಈ ಮಗು ಏನನ್ನು ಕಲಿಯಬೇಕು? ಬಾಯಾರಿದಾಗ ನೀರು ಕೇಳುವುದನ್ನೇ? ಗೆಳೆಯನೊಡನೆ ಬೆಂಚಿನಲ್ಲಿ ಕುಳಿತುಕೊಳ್ಳುವುದನ್ನೇ? ಅಕ್ಷರಾಭ್ಯಾಸವನ್ನೇ? ಇದನ್ನು ಮೊದಲು ಬರೆದಿಟ್ಟರೆ, ಶಾಲೆಯ ಆಯ್ಕೆಯ ಅರ್ಧ ಜಗಳ ತಾನಾಗಿಯೇ ಶಮನವಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಅನುಭವ ಗಮನಾರ್ಹ. 1975ರ ಕಾಯಿದೆಯ ಮೂಲಕ ಅಲ್ಲಿ ಪ್ರತಿ ವಿಶೇಷ ಮಗುವಿಗೂ ಲಿಖಿತ ಕಲಿಕಾ ಯೋಜನೆ ಕಡ್ಡಾಯವಾಯಿತು. ಅದನ್ನು ರೂಪಿಸುವ ತಂಡದಲ್ಲಿ ಪೋಷಕರೂ ಸದಸ್ಯರು. 1997ರ ತಿದ್ದುಪಡಿಯು ವಿವಾದ ಉಂಟಾದಾಗ ತಟಸ್ಥ ಮಧ್ಯಸ್ಥಿಕೆಯ ಅವಕಾಶ ಕಲ್ಪಿಸಬೇಕೆಂದು ರಾಜ್ಯಗಳಿಗೆ ವಿಧಿಸಿತು. ಮಧ್ಯಸ್ಥನು ತೀರ್ಪು ನೀಡುವುದಿಲ್ಲ, ಮಾತು ಮುರಿಯದಂತೆ ನೋಡಿಕೊಳ್ಳುತ್ತಾನೆ. ವಿವಾದ ನ್ಯಾಯವಿಚಾರಣೆಗೆ ಹೋದರೂ ಅದು ಮುಗಿಯುವವರೆಗೆ ಮಗುವನ್ನು ಇದ್ದ ಶಾಲೆಯಿಂದ ಕದಲಿಸುವಂತಿಲ್ಲವೆಂಬ ನಿಯಮವೂ ಅಲ್ಲಿದೆ. ಈ ಕೊನೆಯ ನಿಯಮವೊಂದನ್ನಾದರೂ ನಾವು ಸ್ವಯಂಪ್ರೇರಣೆಯಿಂದ ಪಾಲಿಸಲು ಯಾವ ಅಡ್ಡಿಯೂ ಇಲ್ಲ.

ನಮ್ಮ ಕಾನ್ವೆಂಟ್ ಶಾಲೆಗಳ ಹೊಣೆಯನ್ನೂ ಇಲ್ಲಿ ಹೇಳಲೇಬೇಕು. ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ಅದೇನೇ ಇರಲಿ, 2016ರ ಕಾಯಿದೆ ಬೇರೆಯೇ. ಭೇದವಿಲ್ಲದ ಪ್ರವೇಶದ ಕುರಿತ ಅದರ 16ನೆಯ ವಿಧಿಯು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳನ್ನೆಲ್ಲಾ ಉದ್ದೇಶಿಸಿದ್ದು, ಅಲ್ಪಸಂಖ್ಯಾತರೆಂದು ಯಾರನ್ನೂ ಹೊರಗಿಟ್ಟಿಲ್ಲ. ಅಷ್ಟೇ ಅಲ್ಲ, ಶಾಲೆಯ ಸಂಚಾಲಕರಾದ ಧರ್ಮಗುರುಗಳು ಇಂತಹ ವಿವಾದದಲ್ಲಿ ಮಧ್ಯಸ್ಥರಾಗಲು ಸಲ್ಲದು. ಅವರೇ ಒಂದು ಪಕ್ಷ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರನ್ನೋ ಎರಡೂ ಕಡೆಯವರು ಒಪ್ಪುವ ನಿವೃತ್ತ ಅಧ್ಯಾಪಕರನ್ನೋ ಕರೆಯುವುದು ಲೇಸು.

ವಿಶೇಷ ಶಿಕ್ಷಕರ ಕೊರತೆಯೆಂಬ ಆಕ್ಷೇಪಣೆ ನಿಜವೇ. ಆ ಹುದ್ದೆಗಳನ್ನು ಸೃಷ್ಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಪುನಃ ಹೇಳಬೇಕಾಯಿತು. ಮಂಗಳೂರಿನ ವಿಶೇಷ ಶಾಲೆಗಳು ಉತ್ತಮವಾದವು, ನಿಜ. ಆದರೆ ಚಾರ್ಮಾಡಿ ಘಾಟಿಯ ಆಚೆ ಮಗುವನ್ನು ಬಿಟ್ಟುಬರುವ ತಾಯಿಗೆ ಅದು ಶಾಲೆಯ ಆಯ್ಕೆ ಮಾತ್ರವಲ್ಲ, ಅಗಲಿಕೆಯೂ ಹೌದು. ಅಗಲಿಕೆ ಅನಿವಾರ್ಯವಾದರೆ ಅದಕ್ಕೆ ಕಾರಣ ಮಗುವಿನ ಅಗತ್ಯವಾಗಿರಬೇಕು, ನಮ್ಮ ಅನುಕೂಲವಲ್ಲ.

ಜೂನ್ ಬರುವ ಮೊದಲೇ, ಏಪ್ರಿಲ್ ತಿಂಗಳಲ್ಲಿ, ವೈದ್ಯರ ವರದಿ, ಶಿಕ್ಷಕಿ, ಮುಖ್ಯೋಪಾಧ್ಯಾಯರು, ತಂದೆ ತಾಯಿ ಒಂದೇ ಮೇಜಿನ ಸುತ್ತ ಸೇರಲಿ. ತಾಯಿಗೆ ಮೊದಲು ಮಾತನಾಡುವ ಅವಕಾಶ ದೊರೆಯಲಿ. ಒಪ್ಪಿದ್ದನ್ನು ಸರಳ ಕನ್ನಡದಲ್ಲಿ ಬರೆದು ಪೋಷಕರ ಕೈಗೂ ಒಂದು ಪ್ರತಿ ಕೊಡಲಿ. ಅಕ್ಟೋಬರ್ ರಜೆಯ ವೇಳೆಗೆ ಪುನಃ ಸೇರಿ ಪರಿಶೀಲಿಸಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಕಟ್ಟಡವೂ ಬೇಡ. ತನ್ನ ವಿದ್ಯೆಯಾಚೆಗೂ ಸತ್ಯವಿರಬಹುದೆಂದು ಒಪ್ಪುವ ವಿನಯವೊಂದಿದ್ದರೆ ಸಾಕು.