ಮೊದಲ ಸೆಮಿಸ್ಟರಿನ ಲೆಕ್ಕ ಯಾರ ಬಳಿ ಇದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಚಿಕ್ಕಬಳ್ಳಾಪುರ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಎಂಬುದು ಸಂಜೆಯೊಳಗೆ ಚಿಂತಾಮಣಿಯ ಟೀ ಅಂಗಡಿಗೂ ತಲುಪಿರುತ್ತದೆ. ಸ್ಥಾನ ಕುಸಿದರೆ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಗಳು ಉತ್ತರ ಕೊಡಬೇಕು. ಪಿಯು ಫಲಿತಾಂಶಕ್ಕೂ ಇದೇ ಗದ್ದಲ. ಅದೇ ಮಕ್ಕಳು ಡಿಗ್ರಿಗೆ ಸೇರಿ, ಮೊದಲ ಸೆಮಿಸ್ಟರಿನಲ್ಲೇ ಎರಡು ಮೂರು ವಿಷಯ ಬಾಕಿ ಉಳಿಸಿಕೊಂಡು, ಮುಂದಿನ ವರ್ಷ ಕಾಲೇಜಿನತ್ತ ಸುಳಿಯದೇ ಹೋದರೆ ಯಾವ ಸಭೆಯಲ್ಲೂ ಚರ್ಚೆಯಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಗೆ ಈಗ ಡಿಗ್ರಿ ಮೊದಲ ವರ್ಷದ ಮಕ್ಕಳಷ್ಟೇ ವಯಸ್ಸು. ಕಳೆದ ನಾಲ್ಕೈದು ವರ್ಷಗಳನ್ನು ತಿರುಗಿ ನೋಡಲು ಇದು ತಕ್ಕ ಹೊತ್ತು.

2021ರಿಂದ ಶುರುಮಾಡಬೇಕು. ಆ ವರ್ಷ ಕೊರೋನಾ ಕಾರಣಕ್ಕೆ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಜುಲೈ 20ರಂದು ರಾಜ್ಯದ ಆರೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಟ್ಟಿಗೆ ಪಾಸಾದರು. ಎರಡು ಸಾವಿರಕ್ಕೂ ಮೀರಿದವರಿಗೆ 600ಕ್ಕೆ 600. ಮೂರೇ ವಾರದಲ್ಲಿ, ಆಗಸ್ಟ್ ಮೊದಲ ಭಾಗದಲ್ಲಿ, ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಜಾರಿಗೊಳಿಸುವ ಆದೇಶ ಹೊರಬಿತ್ತು. ದೇಶದಲ್ಲಿ ನಾವೇ ಮೊದಲು ಎಂಬ ಹೆಮ್ಮೆ ಬೇರೆ. ಒಂದೂವರೆ ವರ್ಷ ಮೊಬೈಲ್ ಪರದೆಯಲ್ಲಿ ಪಾಠ ಕೇಳಿದ, ಕೇಳದೇ ಇದ್ದ, ಪರೀಕ್ಷೆಯನ್ನೇ ಬರೆಯದ ಮಕ್ಕಳ ಮೇಲೆ ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ ಎಲ್ಲವನ್ನೂ ಒಂದೇ ಕಂತಿನಲ್ಲಿ ಹೇರಿದೆವು. ಇವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಕಾಲೇಜಿನ ಬಾಗಿಲಲ್ಲಿ ಕೇಳಿಕೊಂಡವರು ವಿರಳ.

2023ರಲ್ಲಿ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಯಾವುದು ಸರಿ ಎಂಬ ವಾದ ಇಲ್ಲಿ ಬೇಡ. ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಪಠ್ಯಕ್ರಮ ಮಗುಚಿದರೂ, ಹಿಂದಿನದರಲ್ಲಿ ಯಾರು ದಡ ಸೇರಿದರು, ಯಾರು ಎಲ್ಲಿ ಮುಳುಗಿದರು ಎಂಬ ಪಟ್ಟಿಯನ್ನು ಮಾತ್ರ ಯಾರೂ ಜನರ ಮುಂದಿಡಲಿಲ್ಲ.

ಆಂತರಿಕ ಮೌಲ್ಯಮಾಪನದ ಕಥೆ ಇನ್ನೂ ಸ್ವಾರಸ್ಯಕರ. ರಾಷ್ಟ್ರೀಯ ನೀತಿಯಲ್ಲಿ ನೂರಕ್ಕೆ 40 ಅಂಕ ಕಾಲೇಜಿನ ಕೈಯಲ್ಲಿತ್ತು. ಮಗು ಎಡವುತ್ತಿರುವುದನ್ನು ಸೆಮಿಸ್ಟರ್ ಮುಗಿಯುವ ಮೊದಲೇ ಕಂಡುಹಿಡಿಯಲಿ ಎಂಬುದು ಅದರ ಆಶಯ. ಆದದ್ದೇನು? ಐಎ ಮಾರ್ಕ್ಸ್ ಎಂದರೆ ಧಾರಾಳವಾಗಿ ಹಂಚುವ ಪ್ರಸಾದ ಎಂದಾಯಿತು. ಮೂವತ್ತಾರು, ಮೂವತ್ತೆಂಟು, ಕೊನೆಯ ಬೆಂಚಿನವನಿಗೂ ಮೂವತ್ನಾಲ್ಕು. ಉಪನ್ಯಾಸಕರನ್ನು ದೂರುವುದು ಸುಲಭ. ಕಡಿಮೆ ಕೊಟ್ಟರೆ ಹಾಜರಾತಿಯೂ ಹೋಗುತ್ತದೆ, ಮಗು ಫೇಲಾಗುತ್ತದೆ, ಪ್ರವೇಶ ಸಂಖ್ಯೆ ಕುಸಿದರೆ ಅವರ ಕಾರ್ಯಭಾರವೇ ಹೋಗುತ್ತದೆ. ಆದರೆ ಎಲ್ಲರಿಗೂ ಒಂದೇ ಅಂಕ ಬಿದ್ದಾಗ ಅಂತರ ಅಳಿಯುವುದಿಲ್ಲ, ಮರೆಯಾಗುತ್ತದೆ, ಅಷ್ಟೇ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅದು ಮತ್ತೆ ಎದ್ದು ಕಾಣುವಷ್ಟರಲ್ಲಿ ಐದು ತಿಂಗಳು ಕಳೆದಿರುತ್ತವೆ.

ನಮ್ಮ ತಾಲ್ಲೂಕುಗಳಲ್ಲಿ ಈ ಅಂತರಕ್ಕೆ ಅದರದೇ ಆದ ಮುಖವಿದೆ. ಗೌರಿಬಿದನೂರು, ಚಿಂತಾಮಣಿಯ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಅನೇಕ ಮನೆಗಳಲ್ಲಿ ಉರ್ದು. ಶಾಲೆ ಕನ್ನಡದ್ದು. ಬಿ.ಕಾಂ. ಪಾಠ, ಪುಸ್ತಕ ಇಂಗ್ಲಿಷಿನದ್ದು. ಪಿಯುನಲ್ಲಿ ಅಕೌಂಟೆನ್ಸಿಯನ್ನು ಕನ್ನಡದಲ್ಲಿ ಚೆನ್ನಾಗಿಯೇ ಬರೆದ ಹುಡುಗಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಅವಳನ್ನು ದಡ್ಡಿ ಎಂದು ಬರೆದುಕೊಳ್ಳುವ ಮೊದಲು ಅದೇ ಲೆಕ್ಕವನ್ನು ಕನ್ನಡದಲ್ಲಿ ಕೊಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುವ ವಿಷಯ ಇದು. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ಯುಜಿಸಿಯೇ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತು. ಉತ್ತರ ಬರೆಯಬಹುದು, ಸರಿ. ಓದಲು ಪುಸ್ತಕವೆಲ್ಲಿ?

ಇನ್ನು ಹಾಜರಾತಿ. ರೇಷ್ಮೆ ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲು ರಾತ್ರಿ ಸೊಪ್ಪು ಬೇಕು. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡಲು ಮನೆಯ ಪ್ರತಿ ಕೈಯೂ ಬೇಕು. ಆ ವಾರ ಕಾಲೇಜಿಗೆ ಚಕ್ಕರ್. ಚಿಕ್ಕಬಳ್ಳಾಪುರದ ಸುತ್ತ ಹೂವಿನ ತೋಟದ ಮನೆಗಳಲ್ಲೂ ಮೊದಲ ಪೀರಿಯಡ್ಡಿನ ಹೊತ್ತಿಗೆ ಬಿಡಿಸುವ ಕೆಲಸ ಮುಗಿದಿರುವುದಿಲ್ಲ. ಶೇ 75ರ ನಿಯಮಕ್ಕೆ ಈ ಗೈರಿಗೂ ಸಿನಿಮಾಗೆ ಹೋದ ಗೈರಿಗೂ ವ್ಯತ್ಯಾಸವಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಟಿಕೆಟ್ ಖರ್ಚು ತಪ್ಪಿತು, ನಿಜವಾದ ಉಪಕಾರ. ಹೋಬಳಿಯಿಂದ ಬೆಳಗಿನ ಬಸ್ಸೇ ಬಾರದಿದ್ದರೆ ಮಾತ್ರ ಉಚಿತ ಟಿಕೆಟ್ಟಿನಿಂದ ಏನೂ ಆಗದು.

ಕಲಿಸುವವರ ಸ್ಥಿತಿಯೂ ಅಷ್ಟೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. 2021ರ ಕೊನೆಯಲ್ಲಿ ಅವರು ಬೀದಿಗಿಳಿದರು, 2023ರ ನವೆಂಬರ್‌ನಲ್ಲಿ ಮತ್ತೆ ಇಳಿದರು. ಸೆಮಿಸ್ಟರ್ ಅರ್ಧಕ್ಕೆ ಬಂದ ಮೇಲೆ ನೇಮಕವಾಗುವ ಉಪನ್ಯಾಸಕನನ್ನು ಯಾವ ವಿದ್ಯಾರ್ಥಿ ಹಿಂದೆ ಬಿದ್ದಿದ್ದಾನೆ ಎಂದು ಕೇಳುವುದಾದರೂ ಹೇಗೆ? ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಇರುವ ವರ್ಷ ನಿಧಾನ ಕಲಿಕೆಯವರ ಫೈಲು ತಯಾರಾಗುತ್ತದೆ, ಅದು ಮುಗಿದ ಮೇಲೆ ಬೀರು ಸೇರುತ್ತದೆ.

ಹೊರಗಿನ ಒಂದು ಉದಾಹರಣೆ ಹೇಳಲೇಬೇಕು. ನಮ್ಮ ಜಿಲ್ಲೆ ಹುಟ್ಟಿದ 2007ರಲ್ಲೇ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ‘ಎಸಾಪ್’ ಎಂಬ ಕಾರ್ಯಕ್ರಮ ಆರಂಭಿಸಿತು. ಬಡ ವಿದ್ಯಾರ್ಥಿಗೆ ಬಸ್ಸು-ರೈಲಿನ ಪಾಸು, ಪುಸ್ತಕದ ನೆರವು, ಪದೇಪದೇ ಭೇಟಿಯಾಗಲೇಬೇಕಾದ ಒಬ್ಬ ಸಲಹೆಗಾರ, ಹಿಂದೆ ಬಿದ್ದ ವಿಷಯಕ್ಕೆ ಟ್ಯೂಷನ್. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಈ ನೆರವು ಸಿಕ್ಕ ಗುಂಪಿನಲ್ಲಿ ಶೇ 40, ಸಿಗದ ಗುಂಪಿನಲ್ಲಿ ಶೇ 22. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ ಪಾಸು, ಪುಸ್ತಕ, ಹೆಸರು ಹಿಡಿದು ಕೇಳುವ ಒಬ್ಬ ಮೇಷ್ಟ್ರು ನಮಗೆ ಹೊಸತೇನಲ್ಲ. ಗೌರಿಬಿದನೂರಿನ ಹೊಸೂರಿನಿಂದ ನಡೆದೇ ಬೆಂಗಳೂರಿಗೆ ಹೋಗಿ ಓದಿದ ಎಚ್. ನರಸಿಂಹಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ತಮ್ಮೂರ ಕಡೆಯ ಮಕ್ಕಳು ಅಷ್ಟು ದೂರ ನಡೆಯಬಾರದೆಂದೇ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ತರಲು ದುಡಿದರು. ಭಾಷಣಗಳಲ್ಲಿ ನಾವು ಅವರ ನಡಿಗೆಯನ್ನಷ್ಟೇ ನೆನೆಯುತ್ತೇವೆ.

ಮಾಹಿತಿ ಇಲ್ಲ ಎಂಬ ನೆಪ ಈಗ ನಡೆಯದು. ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದಲ್ಲಿವೆ. ವಿದ್ಯಾರ್ಥಿಯ ಪಿಯು ಅಂಕ, ವರ್ಗ, ಮೊದಲ ಸೆಮಿಸ್ಟರಿನ ಫಲಿತಾಂಶ ಮೂರನ್ನೂ ಪಕ್ಕಪಕ್ಕ ಇಟ್ಟು, ಹೆಸರು ತೆಗೆದು, ತಾಲ್ಲೂಕುವಾರು ಪ್ರಕಟಿಸುವುದು ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ವಾರದ ಕೆಲಸ. ಉನ್ನತ ಶಿಕ್ಷಣ ಸಚಿವ ಡಾ. ಎಂ.ಸಿ. ಸುಧಾಕರ್ ಚಿಂತಾಮಣಿಯವರೇ ಆಗಿರುವುದರಿಂದ, ಕಟ್ಟಡಕ್ಕೆ ಅನುದಾನ ಕೇಳಲು ಹೋಗುವ ನಿಯೋಗಗಳು ಈ ಪಟ್ಟಿಯನ್ನೂ ಕೇಳಲಿ.

ಹಿಂದೆ ಬಿದ್ದವರನ್ನು ಗುರುತಿಸುವ ಕೆಲಸಕ್ಕೆ ಗಡುವೂ ಇದೆ. ಪಿಯು ಪಾಸಿಗೆ ಶೇ 35ರ ಬದಲು 33 ಸಾಕೆಂದು 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಘೋಷಿಸಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಪದ್ಧತಿಯಲ್ಲಿ ಕೊನೆಯದರಲ್ಲಿ ಪಾಸಾದವರು ತಡವಾಗಿ ಬಂದು ಸೇರುತ್ತಾರೆ. ಬರಲಿ, ಬಾಗಿಲು ಅಗಲವಾದಷ್ಟೂ ಒಳ್ಳೆಯದು. 2026ರ ಪ್ರವೇಶದ ಹೊತ್ತಿಗೆ ಜಿಲ್ಲೆಯ ಸರ್ಕಾರಿ ಕಾಲೇಜುಗಳು ಮೊದಲ ವಾರದಲ್ಲೇ ಅಂಕವಿಲ್ಲದ ಒಂದು ಸಣ್ಣ ಪರೀಕ್ಷೆ ನಡೆಸಬೇಕು: ಒಂದು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್, ಶೇಕಡಾವಾರು ಮತ್ತು ಭಾಗಾಕಾರದ ಐದು ಲೆಕ್ಕ. ತಡವಾಗಿ ಸೇರಿದವರಿಗೂ ಸೇರಿದ ವಾರದಲ್ಲೇ ಅದೇ ಪತ್ರಿಕೆ. ಅದರ ಫಲಿತಾಂಶ ನ್ಯಾಕ್ ಫೈಲಿಗೆ ಹೋಗುವ ಮೊದಲು ಪಾಠ ಮಾಡುವ ಅತಿಥಿ ಉಪನ್ಯಾಸಕರ ಕೈ ಸೇರಬೇಕು. ಆ ಉಪನ್ಯಾಸಕರು ಅಷ್ಟರೊಳಗೆ ನೇಮಕವಾಗಿರಬೇಕು.