ಅಂಕ ಕೊಟ್ಟವರು ಲೆಕ್ಕವನ್ನೂ ಕೊಡಲಿ

ಹೋರಿ ಬೆದರಿಸುವ ಹಬ್ಬದಲ್ಲಿ ಗೆದ್ದವರಾರು ಎಂದು ತಿಳಿಯಲು ಯಾರೂ ನಿರ್ಣಾಯಕರ ಮುಖ ನೋಡಬೇಕಾಗಿಲ್ಲ. ಹಾನಗಲ್ಲ ಸೀಮೆಯ ಯಾವ ಊರಿನ ಅಖಾಡದ ಬದಿಗೆ ನಿಂತರೂ ಅದು ಕಣ್ಣಿಗೆ ಕಾಣುತ್ತದೆ. ಹೋರಿಯ ಕೊರಳಿನ ಕೊಬ್ಬರಿ ಸರ ಒಬ್ಬನ ಕೈಗೆ ಬಂದಿತು, ಇಲ್ಲವೇ ಬರಲಿಲ್ಲ. ಕುಸ್ತಿಯ ಮಾತೂ ಅಷ್ಟೇ. ಬೆನ್ನಿಗೆ ಮಣ್ಣು ಹತ್ತಿದ ಮೇಲೆ ವಾದಕ್ಕೆ ಎಡೆಯಿಲ್ಲ. ಕುಣಿತದ ಸ್ಪರ್ಧೆ ಹಾಗಲ್ಲ. ಅಲ್ಲಿಯ ಗೆಲವು ನಿರ್ಣಾಯಕರ ಮನಸ್ಸಿನಲ್ಲಿ ಹುಟ್ಟಿ, ಅವರ ಚೀಟಿಗೆ ಇಳಿದು, ಕೊನೆಗೆ ಧ್ವನಿವರ್ಧಕದಿಂದ ಮೂರು ಹೆಸರುಗಳಾಗಿ ಹೊರಬೀಳುತ್ತದೆ. ಆ ಚೀಟಿ ಮುಂದೆ ಏನಾಯಿತೆಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಈ ರೂಢಿಯಿಲ್ಲದಿರುವುದೇ ಅನ್ಯಾಯವೆಂದು ನಮ್ಮ ವಾದ. ನಿರ್ಣಾಯಕರೆಲ್ಲ ಪಕ್ಷಪಾತಿಗಳೆಂದು ನಾವು ಹೇಳುತ್ತಿಲ್ಲ. ಪಕ್ಷಪಾತಿಯಲ್ಲದ ನಿರ್ಣಾಯಕನಿಗೂ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ದಾರಿಯೊಂದು ಬೇಕಲ್ಲವೆ?

ಈ ಮಾತಿಗೆ ಫ್ರಾನ್ಸಿನ ಒಬ್ಬ ನರ್ತಕಿಯ ನಿದರ್ಶನ ಕೊಡುವೆವು. ಹಿಮ ಕಾಣದ ನಾಡಿಗೆ ಹಿಮದ ಮೇಲಿನ ಕುಣಿತದ ಉಪಮೆಯೇಕೆ ಎಂದು ವಾಚಕರು ನಗಬಹುದು. ಕುಣಿತವನ್ನು ಅಂಕಗಳಿಂದ ಅಳೆಯುವ ಸಾಹಸದಲ್ಲಿ ಅವರಷ್ಟು ಎಡವಿದವರೂ, ಎಡವಿದ ಮೇಲೆ ಅವರಷ್ಟು ತಿದ್ದಿಕೊಂಡವರೂ ವಿರಳ, ಅದಕ್ಕಾಗಿ.

ಗೇಬ್ರಿಯೆಲಾ ಪಾಪಡಾಕಿಸ್ 1995ರಲ್ಲಿ ಹುಟ್ಟಿದವಳು. ಬೆಳೆದದ್ದು ಪ್ಯಾರಿಸಿನಲ್ಲಲ್ಲ, ಕ್ಲೆರ್ಮೋ-ಫೆರಾಂ ಎಂಬ ಒಳನಾಡಿನ ಪಟ್ಟಣದಲ್ಲಿ. ಮಂಜುಗಡ್ಡೆಯ ಮೇಲೆ ನಡೆಯಲು ಕಲಿಸಿದವಳು ತಾಯಿಯೇ. ಅದೇ ಊರಿನಲ್ಲಿ ಕಲಿಯುತ್ತಿದ್ದ ಗಿಯೋಮ್ ಸಿಜೆರಾನ್ ಎಂಬ ಹುಡುಗನೊಡನೆ ಚಿಕ್ಕಂದಿನಲ್ಲಿಯೇ ಜೋಡಿ ಕಟ್ಟಿಸಿದವಳೂ ಅವಳೇ. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುತ್ತ, ಗಂಡು ಹೆಣ್ಣು ಜೊತೆಯಾಗಿ ತಾಳಕ್ಕೆ ಹೆಜ್ಜೆ ಹಾಕುವ ಈ ಐಸ್ ಡಾನ್ಸ್ 1976ರಿಂದ ಒಲಿಂಪಿಕ್ ಪಂದ್ಯಗಳಲ್ಲಿದೆ. 2014ರ ವಿಶ್ವ ಸ್ಪರ್ಧೆಯಲ್ಲಿ ಈ ಜೋಡಿಗೆ ಸಿಕ್ಕಿದ್ದು 13ನೆಯ ಸ್ಥಾನ. ಅದೇ ವರ್ಷ ಹೆಚ್ಚಿನ ಅಭ್ಯಾಸಕ್ಕೆಂದು ಕೆನಡಾದ ಮಾಂಟ್ರಿಯಲ್ಲಿಗೆ ಹೋದರು. 2015ರಲ್ಲಿ ಶಾಂಘಾಯಿಯಲ್ಲಿ ಅವರೇ ವಿಶ್ವ ವಿಜೇತರು!

ಒಂದೇ ವರ್ಷದಲ್ಲಿ ಹದಿಮೂರರಿಂದ ಒಂದಕ್ಕೆ! ನಮ್ಮ ಕಡೆ ಹೀಗಾಗಿದ್ದರೆ ಜನ ಏನೆನ್ನುತ್ತಿದ್ದರು? ‘ಯಾರದೋ ವಶೀಲಿ ನಡೆದಿರಬೇಕು’ ಎಂದು ಮರುದಿನದ ಚಹದಂಗಡಿಯಲ್ಲಿ ತೀರ್ಮಾನವಾಗುತ್ತಿತ್ತು. ಆ ಜೋಡಿಯ ಮೇಲೆ ಸಂಶಯ ಪಡುವವನಿಗೆ ಮಾತ್ರ ಕಾಗದವೊಂದು ಸಿಗುತ್ತಿತ್ತು. ಯಾವ ಎತ್ತುವಿಕೆಗೆ ಎಷ್ಟು, ಯಾವ ತಿರುಗಿಗೆ ಎಷ್ಟು, ಯಾವ ಹೆಜ್ಜೆ ಸಾಲಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಅಚ್ಚಾದ ಲೆಕ್ಕದ ಕಾಗದ. ಬೇಕಾದವರು ಕೂಡಿಸಿ ನೋಡಬಹುದು.

ಈ ಲೆಕ್ಕದ ಬೆಲೆ ಗೆದ್ದಾಗಿನದಕ್ಕಿಂತ ಸೋತಾಗ ಹೆಚ್ಚು. 2018ರ ಒಲಿಂಪಿಕ್ ಕೂಟ ದಕ್ಷಿಣ ಕೊರಿಯದ ಪ್ಯೋಂಗ್‌ಚಾಂಗಿನಲ್ಲಿ ನಡೆಯಿತು. ಮೊದಲ ಸುತ್ತಿನ ಆರಂಭದಲ್ಲಿಯೇ ಅವಳ ಉಡುಪಿನ ಕೊರಳ ಕೊಂಡಿ ಕಳಚಿಕೊಂಡಿತು. ಜಗತ್ತೆಲ್ಲ ನೋಡುತ್ತಿರುವಾಗ, ಮಾನ ಕಾಯುವುದೋ ತಾಳ ಕಾಯುವುದೋ ಎಂಬ ಸಂಕಟದಲ್ಲಿ, ಅವಳು ನಿಲ್ಲದೆ ಕುಣಿದು ಮುಗಿಸಿದಳು. ಆ ಸುತ್ತಿಗೆ 81.93 ಅಂಕ. ಎದುರಾಳಿಗಳಾದ ಕೆನಡಾದ ಟೆಸ್ಸಾ ವರ್ಚೂ, ಸ್ಕಾಟ್ ಮೋಯರ್ ಅವರಿಗೆ 83.67. ಎರಡನೆಯ ಸುತ್ತಿನಲ್ಲಿ ಫ್ರೆಂಚ್ ಜೋಡಿ 123.35 ಗಳಿಸಿ ಕೆನಡಾದವರ 122.40ನ್ನು ಮೀರಿಸಿತು. ಕೂಡಿಸಿದಾಗ 205.28ಕ್ಕೆ 206.07. ಒಂದು ಅಂಕಕ್ಕೂ ಕಡಿಮೆ, 0.79ರ ಅಂತರದಲ್ಲಿ ಚಿನ್ನ ಕೈತಪ್ಪಿ ಬೆಳ್ಳಿಯಾಯಿತು.

ದುಃಖವೇನೂ ಕಡಿಮೆಯಾಗಿರಲಿಕ್ಕಿಲ್ಲ. ಆದರೂ ಸೋಲು ಎಲ್ಲಿ ಆಯಿತೆಂಬುದು ಅವಳಿಗೆ ಗೊತ್ತಿತ್ತು: ಮೊದಲ ಸುತ್ತಿನ 1.74 ಅಂಕಗಳಲ್ಲಿ. ಗೊತ್ತಿದ್ದ ಸೋಲನ್ನು ತಿದ್ದಬಹುದು. 2022ರ ಬೀಜಿಂಗ್ ಕೂಟದಲ್ಲಿ ಅದೇ ಜೋಡಿ 226.98 ಅಂಕಗಳೊಡನೆ ಚಿನ್ನ ಗೆದ್ದಿತು. ಆ ವರ್ಷವೇ ಸ್ವದೇಶದ ಮೋಂಪೆಲಿಯೆಯಲ್ಲಿ ಐದನೆಯ ವಿಶ್ವ ಪ್ರಶಸ್ತಿಯನ್ನೂ ಪಡೆಯಿತು. 2024ರ ಡಿಸೆಂಬರಿನಲ್ಲಿ ಇಬ್ಬರೂ ಜೋಡಿಯಾಗಿ ನಿವೃತ್ತಿ ಸಾರಿದರು.

ಈ ಲೆಕ್ಕದ ಕಾಗದ ಅವರಿಗೆ ಆಕಾಶದಿಂದ ಇಳಿದು ಬರಲಿಲ್ಲ. 2002ರ ಸಾಲ್ಟ್ ಲೇಕ್ ಕೂಟದಲ್ಲಿ, ಜೋಡಿ ಸ್ಕೇಟಿಂಗಿನ ತೀರ್ಪಿನ ವಿಷಯವಾಗಿ ದೊಡ್ಡ ಹಗರಣವೆದ್ದಿತು. ಫ್ರಾನ್ಸಿನ ನಿರ್ಣಾಯಕಿಯ ಮೇಲೆ ಮೂರು ವರ್ಷಗಳ ನಿಷೇಧ ಬಂದಿತು. ಎರಡನೆಯ ಸ್ಥಾನದ ಕೆನಡಾ ಜೋಡಿಗೂ ಚಿನ್ನ ಕೊಟ್ಟು ಕೈತೊಳೆದುಕೊಂಡರು. ಅದೇ ಕೂಟದಲ್ಲಿ ಐಸ್ ಡಾನ್ಸಿನ ಚಿನ್ನ ಗೆದ್ದವರು ಫ್ರಾನ್ಸಿನ ಮರೀನಾ ಅನಿಸಿನಾ, ಗ್ವೆಂಡಾಲ್ ಪೇಜೆರಾ. ಇವರ ಪದಕಕ್ಕಾಗಿಯೇ ಆ ಕೊಡು-ಕೊಳ್ಳುವ ವ್ಯವಹಾರ ನಡೆಯಿತೆಂಬ ಆಪಾದನೆಯ ನೆರಳು ಅವರ ಮೇಲೆಯೂ ಬಿದ್ದಿತು. ಬರಿಯ ಒಟ್ಟಂಕದಿಂದ ತೀರ್ಪಾಗುತ್ತಿದ್ದ ಕಾಲ ಅದು. ತಮ್ಮ ಕುಣಿತ ಎಲ್ಲೆಲ್ಲಿ ಮಿಗಿಲಾಯಿತೆಂದು ಬಿಡಿಸಿ ತೋರಿಸುವ ಸಾಧನ ಅವರ ಕೈಯಲ್ಲಿರಲಿಲ್ಲ. ತೀರ್ಪಿನ ಗುಟ್ಟು ಸೋತವನನ್ನಷ್ಟೇ ಅಲ್ಲ, ಗೆದ್ದವನನ್ನೂ ಕೆಡಿಸುತ್ತದೆ.

ಆಮೇಲೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2004ರಲ್ಲಿ ಬಿಡಿಬಿಡಿ ಅಂಕಗಳ ಹೊಸ ಪದ್ಧತಿ ತಂದಿತು. ಅದರಲ್ಲಿಯೂ ಒಂದು ತಪ್ಪು ಮಾಡಿತು. ಹೊರಗಿನ ಒತ್ತಡದಿಂದ ಕಾಪಾಡುವ ನೆಪದಲ್ಲಿ, ಯಾವ ನಿರ್ಣಾಯಕ ಎಷ್ಟು ಕೊಟ್ಟನೆಂಬುದನ್ನು ಮುಚ್ಚಿಟ್ಟಿತು. ಮುಚ್ಚಿಟ್ಟಷ್ಟೂ ಗುಸುಗುಸು ಬೆಳೆಯಿತು. ಕೊನೆಗೆ 2016ರಲ್ಲಿ ಆ ಮುಸುಕನ್ನೂ ಕಿತ್ತು, ಹೆಸರಿನೊಡನೆ ಅಂಕ ಪ್ರಕಟಿಸಲು ಒಪ್ಪಿತು. ಅಲ್ಲಿಗೆ ಜಗಳಗಳು ನಿಂತವೆಂದಲ್ಲ. ಜಗಳವಾಡುವವರ ಕೈಯಲ್ಲಿ ಈಗ ಕಾಗದವಿದೆ.

ಇನ್ನು ನಮ್ಮ ಮನೆಗೆ ಬರೋಣ. ಪ್ರತಿಭಾ ಕಾರಂಜಿಯೆಂದರೆ ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುವ ಏಣಿ. ಹಿರೇಕೆರೂರಿನ ಹಳ್ಳಿಯ ಹುಡುಗಿಯರು ತಿಂಗಳುಗಟ್ಟಲೆ ಕೋಲಾಟ ಕಲಿತು, ಬಾಡಿಗೆಯ ಗಾಡಿಯಲ್ಲಿ ಬಂದು, ಹತ್ತು ನಿಮಿಷದೊಳಗೆ ಕುಣಿದು ಇಳಿಯುತ್ತಾರೆ. ಏಣಿಯ ಮುಂದಿನ ಮೆಟ್ಟಿಲು ಏಕೆ ಸಿಗಲಿಲ್ಲವೆಂದು ಯಾರು ಹೇಳುತ್ತಾರೆ? ತಾಳ ತಪ್ಪಿತೆ? ಸಾಲು ಒಡೆಯಿತೆ? ಹಾಡು ಜಾನಪದವಲ್ಲವೆಂದು ತೋರಿತೆ? ಸವಣೂರಿನ ವೀಳ್ಯದೆಲೆ ಕೊಳ್ಳಬಂದವನು ಕೂಡ ಎಲೆ ತಿರುವಿ ನೋಡಿ, ದರ ಇಳಿಸಿದರೆ ಇದಕ್ಕೆಂದು ಕಾರಣ ಹೇಳುತ್ತಾನೆ. ಎಲೆಗೆ ಸಲ್ಲುವ ಈ ಮರ್ಯಾದೆ ಮಕ್ಕಳಿಗೆ ಸಲ್ಲಬಾರದೆ?

ಕಲೆಯನ್ನು ಅಂಕಿಗಳಲ್ಲಿ ತೂಗಬಾರದೆನ್ನುವ ರಸಿಕರಿದ್ದಾರೆ. ಹಾಗಾದರೆ ಸ್ಪರ್ಧೆಯನ್ನೇ ನಿಲ್ಲಿಸಿ ಉತ್ಸವ ಮಾಡಿರಿ; ನಮಗೆ ಸಂತೋಷವೇ. ಬಹುಮಾನಕ್ಕೆ ಮಾತ್ರ ಅಂಕ ಬೇಕು, ವಿವರಣೆಗೆ ಬೇಡ ಎಂಬ ವಾದವನ್ನು ಒಪ್ಪಲಾಗದು. ಕಡಿಮೆ ಅಂಕ ಕಂಡು ಮಕ್ಕಳು ಕುಗ್ಗುವರೆಂಬ ಕನಿಕರದ ಮಾತೂ ಉಂಟು. ಮಕ್ಕಳನ್ನು ಹೆಚ್ಚು ಕುಗ್ಗಿಸುವುದು ಅಂಕವೋ, ‘ನಮ್ಮವರು ಅಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಸೋತೆವು’ ಎಂದು ಹತ್ತನೆಯ ವಯಸ್ಸಿಗೇ ಕಲಿಯುವ ಪಾಠವೋ? ನಿರ್ಣಾಯಕರಿಗೆ ಇದು ಹೊರೆಯೆನ್ನುವುದಾದರೆ, ಒಂದು ತಂಡಕ್ಕೆ ಐದು ಸಾಲು ಬರೆಯುವ ಹೊರೆ ಮಕ್ಕಳು ಹೊತ್ತು ತಂದ ಡೊಳ್ಳಿಗಿಂತ ಭಾರವಾಗಲಾರದು.

ಮಾಡಬೇಕಾದದ್ದು ಬಹಳವಿಲ್ಲ. ತಾಳ, ಹೆಜ್ಜೆ, ಸಾಲಿನ ಹೊಂದಾಣಿಕೆ, ವೇಷ, ಹಾಡಿನ ಅಸಲುತನ ಎಂದು ಐದು ಕಲಮುಗಳ ಚೀಟಿಯೊಂದನ್ನು ಮೊದಲೇ ಶಾಲೆಗಳಿಗೆ ಕಳಿಸಲಿ. ಪ್ರತಿ ನಿರ್ಣಾಯಕರೂ ಸಹಿ ಮಾಡಿದ ಅಂಕಪಟ್ಟಿಯನ್ನು ಅಂದೇ ಗೋಡೆಗೆ ಅಂಟಿಸಲಿ. ಚೀಟಿ ಸಿದ್ಧಪಡಿಸಲು ತಜ್ಞರೆಲ್ಲಿ ಎಂದು ಹುಡುಕುವ ಶ್ರಮವೂ ಬೇಡ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಇದೆ. ಡೊಳ್ಳು, ವೀರಗಾಸೆ, ಲಂಬಾಣಿ ಕುಣಿತಗಳ ಗುಣದೋಷ ಹೇಳಬಲ್ಲವರು ಅಲ್ಲಿಲ್ಲದಿದ್ದರೆ ಇನ್ನೆಲ್ಲಿ?

ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಮಂಜುಗಡ್ಡೆಯ ಅಂಗಳವನ್ನು ಯಾರೂ ಕಟ್ಟಿಕೊಡಬೇಕಾಗಿಲ್ಲ. ಅವರು ಕುಣಿಯುವ ನೆಲ ಅವರ ಬಳಿ ಇದೆ. ಬರುವ ವರ್ಷದ ಸ್ಪರ್ಧೆಯಲ್ಲಿ ಗೋಡೆಯ ಮೇಲೆ ಒಂದು ಹಾಳೆ ಕಾಣಲಿ, ಅದರ ಕೆಳಗೆ ಸಹಿಗಳಿರಲಿ. ತಾಲ್ಲೂಕಿನ ಶಿಕ್ಷಣಾಧಿಕಾರಿಗಳು ಇಷ್ಟನ್ನು ಮಾಡಲು ಸರಕಾರದ ಆಜ್ಞೆಗೆ ಕಾಯುವ ಅವಶ್ಯಕತೆಯೂ ಇಲ್ಲ.