ಮಗಳು ಬಂದಳು, ಮನೆ ಎಲ್ಲಿ?

ಹೊರದೇಶದಿಂದ ಮಕ್ಕಳು ಬರುತ್ತಾರೆ ಅಂದರೆ ನಮ್ಮ ಕಡೆಯ ತಾಯಂದಿರಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ತಿಂಗಳ ಮೊದಲೇ ಹಪ್ಪಳ, ಸಂಡಿಗೆ, ಗೋಡೆಗೆ ಸುಣ್ಣ, ಹೊಸ ಹಾಸಿಗೆ. ನಾನೂ ಅದಕ್ಕೆ ಹೊರತಲ್ಲ ಬಿಡಿ. ಆದರೆ ಈ ಸಲ ನಿಮಗೆ ಹೇಳಹೊರಟಿರುವುದು, ಹತ್ತು ವರ್ಷದ ಮೇಲೆ ಬಂದ ಮಗಳನ್ನು ತನ್ನ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಸಿಕೊಳ್ಳಲಾಗದ ಒಬ್ಬ ತಾಯಿಯ ವಿಷಯ.

ನಮ್ಮವರು ಮೇಷ್ಟರಾಗಿದ್ದಾಗ ನಾವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿ ನನಗೆ ಗೆಳತಿಯಾದವರು ಟಿಬೆಟನ್ ವಸಾಹತಿನ ಈ ಹೆಂಗಸು. ಅವರ ಹೆಸರು ಬೇಡ, ಅಮಾಲಾ ಎನ್ನೋಣ. ಅವರ ಭಾಷೆಯಲ್ಲಿ 'ಅಮಾ' ಅಂದರೆ ತಾಯಿ, 'ಲಾ' ಎನ್ನುವುದು ಗೌರವಕ್ಕೆ ಸೇರಿಸುವ ಮಾತು, ನಾವು 'ಅವರೇ' ಅನ್ನುವ ಹಾಗೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ಸಾವಿರಾರು ಜನರಲ್ಲಿ ಇವರ ಅಪ್ಪ ಅಮ್ಮನೂ ಇದ್ದರು. ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಮೊದಲು ಬಂದವರು ಬಿದಿರಿನ ಗುಡಿಸಲಿನಲ್ಲಿದ್ದು, ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಅಮಾಲಾ ಹುಟ್ಟಿದ್ದು ಅಂಥ ಗುಡಿಸಲಲ್ಲೇ. ಮುಂದೆ 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಇನ್ನೊಂದು ವಸಾಹತು ಆಯಿತು; ಅದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು.

ಇವರ ಮಗಳು ಮದುವೆಯಾಗಿ ಕೆನಡಾಕ್ಕೆ ಹೋಗಿ ಅಲ್ಲಿಯವಳೇ ಆದಳು. ಹೋದ ಡಿಸೆಂಬರಿನಲ್ಲಿ ರಜೆ ಸಿಕ್ಕಿತು, ಹನ್ನೆರಡು ದಿನ ಬರುತ್ತೇನೆಂದು ಫೋನು ಮಾಡಿದಳು. ಇಲ್ಲಿ ಒಂದು ಕಾನೂನು ಅಡ್ಡ ಬಂತು. ವಿದೇಶಿ ಪಾಸ್‌ಪೋರ್ಟ್ ಇರುವವರು ಬೈಲಕುಪ್ಪೆಯ ಟಿಬೆಟನ್ ವಸಾಹತಿನಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿಕೊಳ್ಳಬೇಕು. ಮಗಳು ಟಿಕೆಟ್ ತೆಗೆದ ಮೇಲೆ ಅರ್ಜಿ ಹಾಕಿದಳು. ಹುಟ್ಟಿದ ಮನೆಗೆ ಹೋಗಲು ಯಾರಪ್ಪಣೆ ಬೇಕು ಅಂದುಕೊಂಡಳೋ ಏನೋ. (ನಿಮ್ಮ ಮಕ್ಕಳು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ನೀವೂ ಗಮನಿಸಿ. ಓಸಿಐ ಕಾರ್ಡ್ ಇದ್ದರೂ ಇಂಥ ಸಂರಕ್ಷಿತ ಜಾಗಗಳಿಗೆ ಬೇರೆ ಅನುಮತಿ ಬೇಕು. ಮೊದಲೇ ವಿಚಾರಿಸಿಕೊಳ್ಳಿ.)

ಕಾವೇರಿ ದಾಟಿದರೆ ಕುಶಾಲನಗರ, ಐದಾರು ಕಿಲೋಮೀಟರ್. ಅಲ್ಲಿ ಲಾಡ್ಜ್ ಹಿಡಿಯೋಣ ಎಂದಳಂತೆ ಮಗಳು. "ಹೊಳೆಯ ಆಚೆ ಮಗಳು, ಈಚೆ ತಾಯಿ. ಅದು ಆಗೋದಿಲ್ಲ ಅಕ್ಕ," ಎಂದರು ಅಮಾಲಾ ನನ್ನ ಹತ್ತಿರ. ಅಲ್ಲದೆ ಡಿಸೆಂಬರಿನಲ್ಲಿ ಅವರು ಬೈಲಕುಪ್ಪೆಯಲ್ಲೇ ಇರುವುದಿಲ್ಲ. ಚಳಿಗಾಲ ಬಂತೆಂದರೆ ಊರಿನ ಅರ್ಧ ಜನ ಸ್ವೆಟರ್ ಮಾರಲು ಹೊರಡುತ್ತಾರೆ. ಅಕ್ಟೋಬರಿನಿಂದ ಸಂಕ್ರಾಂತಿಯವರೆಗೆ ಯಾವುದೋ ಪಟ್ಟಣದ ಬಾಡಿಗೆ ಕೋಣೆಯಲ್ಲಿ ವಾಸ. ಸರಕು ಲುಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲದ ಮೇಲೆ ಬರುತ್ತದೆ. ಮಾರಿ ತೀರಿಸಬೇಕು. ಡಿಸೆಂಬರಿನಲ್ಲಿ ಒಂದು ದಿನ ಅಂಗಡಿ ಮುಚ್ಚಿದರೂ ಲೆಕ್ಕ ತಪ್ಪುತ್ತದೆ.

ನಮ್ಮ ತಂಗಿಯ ಮನೆಗೆಂದು ಬೆಂಗಳೂರಿಗೆ ಹೋದವಳು ಆ ಕೋಣೆಗೂ ಹೋಗಿಬಂದೆ. ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ ಇದ್ದೀತು. ಮೂರು ಗೋಡೆಗೂ ಸೂರಿನವರೆಗೆ ಸ್ವೆಟರಿನ ಮೂಟೆ. ಒಂದೇ ಒಲೆಯ ಗ್ಯಾಸು, ಒಂದು ಬಕೆಟ್ಟು, ಕಿಟಕಿಯಲ್ಲಿ ದೇವರ ಚಿಕ್ಕ ಪಟ. ಮಗಳು ಮೂಟೆಗಳ ಮೇಲೆ ಕಂಬಳಿ ಹಾಸಿಕೊಂಡು ಮಲಗುತ್ತಿದ್ದಳು. ಅಮಾಲಾ ಮುಖ ಸಪ್ಪಗಿತ್ತು. "ನಾಯಿಯ ಹಾಗೆ ಮೂಲೆಯಲ್ಲಿ ಮಲಗಿಸಿದೀನಿ ಅಕ್ಕ, ಕೆನಡಾದಲ್ಲಿ ಅವಳಿಗೆ ಎರಡು ಕೋಣೆ ಇದೆ." ಮಗಳು ನಕ್ಕು, ಅಲ್ಲಿ ಎಷ್ಟೋ ಮಂದಿ ವಯಸ್ಸಾದವರು ಮನೆ ಮಾರಿ, ಅಡುಗೆ ಹಾಸಿಗೆಯೆಲ್ಲ ಒಳಗೇ ಇರುವ ದೊಡ್ಡ ವ್ಯಾನಿನಲ್ಲಿ ಊರೂರು ಸುತ್ತುತ್ತಾರೆ, ಮಕ್ಕಳು ಬಂದರೆ ಊಟದ ಮೇಜನ್ನೇ ಬಗ್ಗಿಸಿ ಮಂಚ ಮಾಡಿಕೊಡುತ್ತಾರೆ, ಅದನ್ನೇ ಸಂತೋಷ ಅಂದುಕೊಳ್ಳುತ್ತಾರೆ ಎಂದಳು. ಅಮಾಲಾ ಬಿಡಲಿಲ್ಲ: "ನಮ್ಮಜ್ಜಿ ಹತ್ತಿರ ಯಾಕ್ ಕೂದಲಿನ ಗುಡಾರ ಇತ್ತು, ಅದೂ ಊರೂರು ಹೋಗ್ತಿತ್ತು. ನಾವು ಆ ಬದುಕು ಬಿಟ್ಟು ಗೋಡೆ ಕಟ್ಟಿಕೊಂಡಿದ್ದು ನೀನು ಬಂದಾಗ ಮಲಗಲಿ ಅಂತ."

ನಾನು ಸುಮ್ಮನಾದೆ. ಆ ಮಾತಿಗೆ ಏನು ಹೇಳಲಿ?

ಮೊದಲೆರಡು ದಿನ ಅಮಾಲಾ ಅಂಗಡಿ ಮುಚ್ಚಿ ಮಗಳನ್ನು ಲಾಲ್‌ಬಾಗು, ಹೋಟೆಲು ಎಂದು ಸುತ್ತಿಸಿದರು. ಮೂರನೆಯ ದಿನ ಜಗಳವಾಯಿತು. "ಸಾಲ ತೀರಿಸೋದು ಯಾರು? ನಾನೇನು ನೆಂಟಳೇ?" ಎಂದು ಮಗಳು ತಾನೇ ಮೂಟೆ ಹೊತ್ತು ಅಂಗಡಿಗೆ ಹೊರಟಳು. ಆಮೇಲೆ ದಿನವೂ ಇಬ್ಬರೂ ಒಟ್ಟಿಗೆ ಕೂತರು. ಕೆನಡಾದಲ್ಲಿ ವೃದ್ಧರ ಮನೆಯಲ್ಲಿ ದುಡಿಯುವ ಹುಡುಗಿ. ಗಿರಾಕಿಗಳ ಜೊತೆ ಚೌಕಾಸಿ ಮಾತ್ರ ಬರಲಿಲ್ಲ, ಕೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದಳು. ಅಮಾಲಾ ಬೈಯುತ್ತಿದ್ದರು, ಬೈದು ನಗುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹತ್ತು ವರ್ಷದ ಮಾತೆಲ್ಲ ಹೊರಬಂತು. ಅಳಿಯನ ಜೊತೆ ಸರಿಯಿಲ್ಲದ್ದು, ಒಂದು ಗರ್ಭ ನಿಲ್ಲದೆ ಹೋದದ್ದು, ಅದನ್ನು ಫೋನಿನಲ್ಲಿ ಹೇಳಲಾರದೆ ಇದ್ದದ್ದು. "ಮನೇಲಿ ಇದ್ದಿದ್ರೆ ನೋಡೋಕೆ ಬಂದ ಜನರಿಗೆ ಟೀ ಕೊಡೋದರಲ್ಲೇ ದಿನ ಹೋಗ್ತಿತ್ತು ಅಕ್ಕ," ಎಂದರು ಅಮಾಲಾ, ನನ್ನನ್ನು ಬಸ್ಸಿಗೆ ಬಿಡಲು ಬಂದಾಗ.

ಈ ಮಾತು ನನಗೆ ಚುಚ್ಚಿತು ಎಂದೇ ಹೇಳಬೇಕು. ಹಿಂದಿನ ವರ್ಷ ಅಮೆರಿಕದಿಂದ ನಮ್ಮ ಹುಡುಗ ಇಪ್ಪತ್ತು ದಿನಕ್ಕೆ ಬಂದಿದ್ದ. ನಾನು ಮಾಡಿದ್ದೇನು? ಕೆ.ಆರ್. ನಗರದ ಅತ್ತೆಮನೆ, ಹುಣಸೂರಿನ ಚಿಕ್ಕಪ್ಪನ ಮನೆ, ಎಚ್.ಡಿ. ಕೋಟೆಯಲ್ಲಿ ಗೃಹಪ್ರವೇಶ, ಎಲ್ಲ ಕಡೆ ಕರೆದೊಯ್ದೆ. ಹೋದ ಕಡೆಯಲ್ಲೆಲ್ಲ ಒಬ್ಬಟ್ಟಿನ ಊಟ, ಹೋದ ಕಡೆಯಲ್ಲೆಲ್ಲ ಮದುವೆ ಯಾವಾಗ ಎಂಬ ಪ್ರಶ್ನೆ. ಹನ್ನೊಂದನೇ ದಿನಕ್ಕೆ ಅವನ ಹೊಟ್ಟೆ ಕೆಟ್ಟಿತು. ಏನೋ ಹೇಳಬೇಕೆಂದು ಎರಡು ಸಲ ಅಡುಗೆಮನೆಗೆ ಬಂದ. ಎರಡು ಸಲವೂ ನಾನು ಕಾರ್ಯಕ್ರಮವೊಂದಕ್ಕೆ ಹೊರಟು ನಿಂತಿದ್ದೆ. ಅವನ ಕೆಲಸ ಹೋಗಿದ್ದು ಅವನು ಹಿಂತಿರುಗಿ ಎರಡು ತಿಂಗಳಾದ ಮೇಲೆ ನನಗೆ ತಿಳಿಯಿತು.

ಬೆಳೆದ ಮಕ್ಕಳಿಗೆ ಸತ್ಕಾರ ಮಾಡುವಾಗ ಒಂದೆರಡು ವಿಷಯ ನನಗೆ ಈಗ ತೋರುತ್ತವೆ. ಬಂದ ಮೊದಲ ಮೂರು ದಿನ ಎಲ್ಲಿಗೂ ಹೊರಡಿಸಬೇಡಿ, ಅಲ್ಲಿಗೂ ನಮಗೂ ಹಗಲು ರಾತ್ರಿಯೇ ಬೇರೆ, ನಿದ್ದೆ ತಾಳಕ್ಕೆ ಬರಬೇಕು. ನೆಂಟರು ಬೇಕಾದರೆ ಒಂದು ಭಾನುವಾರ ಎಲ್ಲರನ್ನೂ ಒಟ್ಟಿಗೆ ಕರೆಯಿರಿ. ಆಮೇಲೆ, ಕೈಗೆ ಕೆಲಸ ಕೊಡಿ. ಅವರೇಕಾಯಿ ಬಿಡಿಸಲಿ, ತೆಂಗಿನಕಾಯಿ ತುರಿಯಲಿ. ಕೈಯಲ್ಲಿ ಕೆಲಸವಿದ್ದಾಗ, ಎದುರಾಬದುರು ಮುಖ ನೋಡದೆ ಪಕ್ಕಪಕ್ಕದಲ್ಲಿ ಕೂತಾಗ ಬರುವ ಮಾತೇ ಬೇರೆ. ದುಡ್ಡಿನ ಮಾತು ನೀವಾಗಿ ತೆಗೆಯಬೇಡಿ. ಮದುವೆಯ ಮಾತಂತೂ ಬೇಡವೇ ಬೇಡ!

ಆ ಕೋಣೆಯ ಒಂದೇ ಒಲೆಯಲ್ಲಿ ಅಮಾಲಾ ದಿನಾ ರಾತ್ರಿ ಮಾಡುತ್ತಿದ್ದುದು ಥೆಂಥುಕ್. ನನಗೂ ಹೇಳಿಕೊಟ್ಟರು. ಮಾಂಸ ಹಾಕುವುದುಂಟು, ನಾನು ಬರೆಯುವುದು ತರಕಾರಿಯದು. ಒಂದೂವರೆ ಲೋಟ ಮೈದಾಹಿಟ್ಟಿಗೆ ಚಿಟಿಕೆ ಉಪ್ಪು, ನೀರು ಹಾಕಿ ಚಪಾತಿ ಹಿಟ್ಟಿಗಿಂತ ತುಸು ಮೆತ್ತಗೆ ನಾದಿ, ಎಣ್ಣೆ ಸವರಿ ಅರ್ಧ ಗಂಟೆ ಮುಚ್ಚಿಡಿ. ಎರಡು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಒಂದು ಟೊಮ್ಯಾಟೊ ಬಾಡಿಸಿ. ತೆಳ್ಳಗೆ ಹೆಚ್ಚಿದ ಮೂಲಂಗಿ, ಕ್ಯಾರೆಟ್ಟು ಸೇರಿಸಿ ಆರು ಲೋಟ ನೀರು, ಉಪ್ಪು ಹಾಕಿ ಕುದಿಸಿ. ಹಿಟ್ಟನ್ನು ಬೆರಳಗಲದ ಪಟ್ಟಿಯಾಗಿ ಎಳೆದು, ತೆಳುವಾಗಿ ಒತ್ತಿ, ಹೆಬ್ಬೆರಳಿನಷ್ಟು ತುಂಡುಗಳಾಗಿ ಚಿವುಟಿ ಕುದಿಯುವ ಸಾರಿಗೆ ಎಸೆಯುತ್ತಾ ಹೋಗಿ. 'ಥೆನ್' ಎಂದರೆ ಎಳೆಯುವುದು ಅಂತಲೇ ಅರ್ಥವಂತೆ. ಐದಾರು ನಿಮಿಷ ಬೆಂದ ಮೇಲೆ ಒಂದು ಹಿಡಿ ಪಾಲಕ್, ಮೆಣಸಿನ ಪುಡಿ. ಬಿಸಿಯಾಗಿಯೇ ತಿನ್ನಬೇಕು, ಆರಿದರೆ ಮುದ್ದೆಯಾಗುತ್ತದೆ. ಇಬ್ಬರು ಎರಡು ಕಡೆಯಿಂದ ಚಿವುಟಿದರೆ ಬೇಗ ಮುಗಿಯುತ್ತದೆ.

ಮೊನ್ನೆ ಅಮಾಲಾ ಫೋನು ಮಾಡಿದ್ದರು. ಸಾಲ ಬಹುಪಾಲು ತೀರಿತಂತೆ. ಮುಂದಿನ ಲೋಸರ್ ಹಬ್ಬಕ್ಕೆ, ಅಂದರೆ ಅವರ ಹೊಸ ವರ್ಷಕ್ಕೆ, ಬರುವುದಾಗಿ ಮಗಳು ಈಗಲೇ ಪರವಾನಗಿಗೆ ಅರ್ಜಿ ಹಾಕಿದ್ದಾಳೆ. ಟಿಕೆಟ್ಟು ಇನ್ನೂ ತೆಗೆದಿಲ್ಲ. ಅಮಾಲಾ ಆಗಲೇ ಬಡಗಿಗೆ ಮಂಚಕ್ಕೆ ಹೇಳಿದ್ದಾರೆ.